ಹಾಜರಿಲ್ಲದವರ ಲಾಠಿಗಳು

"ನಾನು ಅಳಾಕೆ ಬಂದಿಲ್ಲ ಕಣವ್ವ. ನನ್ ಮಗ ಬಾಂಬ್ ಇಟ್ಟ ಅಂತವ್ರೆ. ಅಂದೋರ ಬಾಯಿಂದ್ಲೇ ಇಲ್ಲ ಅನ್ನಿಸ್ಬೇಕು. ಆಯ್ತದಾ, ಆಗಕಿಲ್ವಾ, ಅಷ್ಟು ಹೇಳು."

ಗಿಡ್ಡಮ್ಮ ಇಷ್ಟನ್ನೂ ಮೆಟ್ಟಿಲ ಮೇಲೆ ನಿಂತೇ ಹೇಳಿದರು. ಲತಾಮಣಿ ಅಕ್ಕ ಇನ್ನೂ ಕಚೇರಿಯ ಬೀಗ ತೆಗೆಯುತ್ತಿದ್ದರು.

"ಒಳಗ್ ಬನ್ನಿ ಗಿಡ್ಡಮ್ಮ. ಹರ್ಷಿತಾ, ಫ್ಯಾನ್ ಹಾಕು."

2002ರ ಮೇ ತಿಂಗಳ ಕೊನೆಯ ವಾರ ಅದು. ಅರಸೀಕೆರೆಯ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಅಕ್ಕನ ಕಚೇರಿ. ನಾನು ಅವರ ಜೂನಿಯರ್. ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ನಾನು ಓದಿದ್ದ ಪುಸ್ತಕಗಳಲ್ಲಿ ಪತ್ತೇದಾರರಿಗೆ ಕಾರೂ ಇರುತ್ತಿತ್ತು, ಕೋಟೂ ಇರುತ್ತಿತ್ತು. ಅಕ್ಕನಿಗೆ ಇದ್ದದ್ದು ಕರಿ ಕೋಟು ಮಾತ್ರ. ಅದರದ್ದೂ ಒಂದು ತೋಳಿನ ಹೊಲಿಗೆ ಬಿಟ್ಟಿತ್ತು. ತನ್ನ ಕಕ್ಷಿದಾರ ತಪ್ಪು ಮಾಡಿಲ್ಲ ಎಂದು ತೋರಿಸಿದರೆ ಸಾಲದು, ಮಾಡಿದವರು ಯಾರೆಂದೂ ತೋರಿಸಬೇಕು ಎಂಬುದು ಅವರ ಹಟ. ಅದಕ್ಕೇ ಊರಿನವರು ಅವರನ್ನು ಪತ್ತೆ ಲಾಯರಮ್ಮ ಎನ್ನುತ್ತಿದ್ದರು. ಕೆಲವರು ಮೆಚ್ಚಿ, ಹಲವರು ಕುಹಕವಾಗಿ.

ಗಿಡ್ಡಮ್ಮನ ಮಗ ಭೀಮರಾಜ್ ಹೋಂಗಾರ್ಡ್. ಆ ವರ್ಷ ದೇಶದ ತುಂಬ ಕಟ್ಟೆಚ್ಚರ. ದೇವಾಲಯ, ಅಣೆಕಟ್ಟುಗಳಿಗೆ ಕಾವಲು ಹೆಚ್ಚಿಸಲು ಆದೇಶವಾಗಿತ್ತು. ಹೆಚ್ಚುವರಿ ಹೊತ್ತು ದುಡಿಯುವ ಪೊಲೀಸರಿಗೂ ಹೋಂಗಾರ್ಡುಗಳಿಗೂ ಭತ್ಯೆ ಕೊಡಲು ಸರ್ಕಾರ ಬೇರೆಯೇ ಅನುದಾನ ಕಳಿಸಿತ್ತು. ಆ ಅನುದಾನದಲ್ಲಿ ಹಳೇಬೀಡಿನ ಕೆರೆಯ ಹತ್ತಿರ, ಒಂದು ಹಳೆಯ ಛತ್ರದಲ್ಲಿ, ಕಾವಲು ಶಿಬಿರ ನಡೆಯುತ್ತಿತ್ತು. ಭೀಮರಾಜ್ ಅಲ್ಲಿದ್ದ. ಅಷ್ಟರಲ್ಲಿ ಅವನಿಗೆ ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಆಯ್ಕೆಯೂ ಆಗಿತ್ತು. ಮುಂದಿನ ಸೋಮವಾರ ಹಾಸನಕ್ಕೆ ಹೋಗಿ ಆದೇಶ ತೆಗೆದುಕೊಳ್ಳುವುದಷ್ಟೇ ಬಾಕಿ.

ಬುಧವಾರ ಬೆಳಿಗ್ಗೆ ಛತ್ರದ ಅಂಗಳದಲ್ಲಿ, ಧ್ವಜದ ಕಂಬದ ಬುಡದಲ್ಲಿ, ಬಿಳಿ ಬಟ್ಟೆ ಸುತ್ತಿ ಹೊಲಿದ ಡಬ್ಬಿಯೊಂದು ಅವನ ಕಣ್ಣಿಗೆ ಬಿತ್ತು. ಒಳಗೆ ಟಿಕ್ ಟಿಕ್ ಸದ್ದು. ಅವನೇ ಎಲ್ಲರನ್ನೂ ದೂರ ಕಳಿಸಿದ. ಹಾಸನದಿಂದ ಬಂದ ಬಾಂಬ್ ದಳದವರು ಬಟ್ಟೆಯ ಒಂದು ಬದಿ ಸೀಳಿ ನೋಡಿದರೆ ಒಳಗೆ ಅಲಾರಂ ಗಡಿಯಾರ, ವೈರು, ಮರಳು. ಮದ್ದು ಏನೂ ಇರಲಿಲ್ಲ. ಬಟ್ಟೆಯ ಅಂಚು ಮಾತ್ರ ಭೀಮರಾಜನ ಪಂಚೆಯದು.

"ಭಾನುವಾರ ಬುದ್ಧ ಪೂರ್ಣಿಮೆ ಅಲ್ವಾ, ಬಿಳಿ ಪಂಚೆ ಉಟ್ಕೊಂಡು ಬಂದು ಪಂಚಶೀಲ ತಕಂಡಿದ್ದ," ಎಂದರು ಗಿಡ್ಡಮ್ಮ. "ಅದೇ ಪಂಚೆ. ಈ ತಿಂಗ್ಳಿಗೆ ಭತ್ಯೆ ನಿಂತೋಯ್ತದೆ, ಬಾಂಬ್ ಸಿಕ್ರೆ ಮುಂದುವರೀತದೆ ಅಂತ ತಾನೇ ಇಟ್ಟು, ತಾನೇ ಕಂಡುಹಿಡ್ದವ್ನೆ ಅಂತಾರೆ."

"ಎಫ್‌ಐಆರ್ ಆಗಿದ್ಯಾ?"

"ನಾಳೆ ಡಿವೈಎಸ್‌ಪಿ ಬಂದು ಬರೀತಾರಂತೆ. ಬರ್ದ್ರೆ ಕೆಲಸ ಹೋಯ್ತು."

"ಬರೆಯೋಕೆ ಪೆನ್ನು ತೆಗೀಲಿ, ನೋಡೋಣ," ಎಂದ ಅಕ್ಕ ಈಗತಾನೆ ತೆಗೆದ ಬೀಗವನ್ನು ಮತ್ತೆ ಕೈಗೆತ್ತಿಕೊಂಡರು.

ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ನಿಂತೇ ಹಳೇಬೀಡು ತಲುಪಿದೆವು. ಶಿಬಿರದ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ಹೋಂಗಾರ್ಡ್ ಕಮಾಂಡರ್ ನಂಜುಂಡಯ್ಯ. ತೆಂಗಿನ ತೋಟದ ಒಡೆಯರು. ಇಸ್ತ್ರಿ ಮುರಿಯದ ಖಾಕಿ ನೋಡಿದರೆ ಶಿಬಿರಕ್ಕೆ ಅವರು ಎಷ್ಟು ಬರುತ್ತಾರೆಂದು ತಿಳಿಯುತ್ತಿತ್ತು.

"ಏನ್ ಲಾಯರಮ್ಮ, ನಿಮ್ಮೋನು ಅಂತ ಓಡ್ ಬಂದ್ರಾ?"

"ಹೌದು, ನಮ್ಮೋನೇ. ನಿಮ್ಮ ಕೈಕೆಳಗೆ ದುಡಿಯೋನು, ಅಂದ್ಮೇಲೆ ನಿಮ್ಮೋನೂ ಹೌದು. ನೀವ್ಯಾಕೆ ಓಡ್ ಬರ್ಲಿಲ್ಲ?"

ನಂಜುಂಡಯ್ಯ ಕೆಮ್ಮಿದರು. ಅಷ್ಟರಲ್ಲಿ ಒಳಗಿನಿಂದ ಹೆಡ್ ಕಾನ್‌ಸ್ಟೇಬಲ್ ದೇವೀರಪ್ಪ ಕೈಮುಗಿದುಕೊಂಡು ಬಂದರು. ನೆರೆತ ಮೀಸೆ, ಮೆತ್ತನೆಯ ಮಾತು. ಶಿಬಿರದ ಬರವಣಿಗೆ, ಹಾಜರಿ ಎಲ್ಲವೂ ಅವರದೇ. ಅದಕ್ಕೆ ಮುಂಚೆ ಮೂವತ್ತು ವರ್ಷ ಠಾಣೆಗಳಲ್ಲಿ ರೈಟರ್ ಆಗಿದ್ದವರು.

"ಮೇಡಮ್ಮೋರೆ, ಬನ್ನಿ ಬನ್ನಿ. ಆ ಗಂಧದ ಕೇಸಲ್ಲಿ ನನ್ನ ಕಟಕಟೆ ಹತ್ತಿಸಿ ಏನೇನ್ ಕೇಳಿದ್ರಿ! ಮಾಲು ಬದಲಾಗಿದೆ ಅಂತ, ಸೀಲು ಸಡಿಲ ಇತ್ತು ಅಂತ."

"ಕೇಳ್ದೆ, ಸೋತೆ," ಎಂದು ಅಕ್ಕ ನಕ್ಕರು. "ಡಬ್ಬಿ ತೋರಿಸ್ತೀರಾ?"

"ನೋಡಿ, ಅದಕ್ಕೇನಂತೆ. ಹುಡುಗನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರೀತದೆ. ಒಳ್ಳೇ ಹುಡುಗ, ಏನೋ ಬುದ್ಧಿ ಕೆಟ್ಟು..."

ಮೇಜಿನ ಮೇಲೆ ಡಬ್ಬಿ ಇತ್ತು. ಅಲ್ಯೂಮಿನಿಯಂ ಊಟದ ಡಬ್ಬಿ. ಎದುರಿನ ಜವರಪ್ಪನ ಹೋಟೆಲಿನಿಂದ ಶಿಬಿರಕ್ಕೆ ಊಟ ಬರುತ್ತಿದ್ದುದು ಅಂಥವುಗಳಲ್ಲೇ. ಬಟ್ಟೆಯನ್ನು ದಬ್ಬಳದಿಂದ, ದಪ್ಪ ದಾರ ಹಾಕಿ ಹೊಲಿದಿದ್ದರು. ಹೊಲಿಗೆ ಒಂದೇ ಅಳತೆ. ಒಂದು ಮೂಲೆಯಲ್ಲಿ ಬಟ್ಟೆಯನ್ನು ನಾಣ್ಯದಗಲಕ್ಕೆ ಚಪ್ಪಟೆಯಾಗಿ ಮಡಿಸಿ, ದಾರದ ಎರಡು ತುದಿಗಳನ್ನೂ ಅಲ್ಲಿಗೆ ತಂದು ಗಂಟು ಹಾಕಿ, ಗಂಟಿನ ಆಚೆ ಬೆರಳುದ್ದ ದಾರ ಬಿಟ್ಟಿದ್ದರು. ಅಕ್ಕ ಆ ಮೂಲೆಯನ್ನೇ ಬಹಳ ಹೊತ್ತು ನೋಡಿದರು.

ಆಮೇಲೆ ಅವರ ಕಣ್ಣು ಬಾಗಿಲ ಪಕ್ಕದ ಲಾಠಿಗಳ ಚೌಕಟ್ಟಿನ ಮೇಲೆ ಬಿತ್ತು. ಒಂದೊಂದೇ ಎತ್ತಿ ತುದಿ ಮುಟ್ಟಿದರು. ಕೆಲವು ಲಾಠಿಗಳ ಬುಡ ಸವೆದು, ನಾರು ಎದ್ದು, ಕುಂಚದ ಹಾಗಾಗಿತ್ತು. ಇನ್ನು ಕೆಲವು ಅಂಗಡಿಯಿಂದ ತಂದ ಹಾಗೇ ನುಣುಪು.

"ಈ ಹೊಸವು ಯಾರ್ದು?"

ಉತ್ತರ ಜಗಲಿಯಿಂದ ಬಂತು. "ಹೊಸವಲ್ಲ ರೀ, ಎಲ್ಲಾ ಒಂದೇ ದಿನ ಕೊಟ್ಟಿದ್ದು," ಎಂದರು ನಂಜುಂಡಯ್ಯ. "ಅವು ರಾತ್ರಿ ಪಾಳಿಯೋರವು. ಅರೇಹಳ್ಳಿ ಕಡೆ ಹುಡುಗ್ರು. ಹಗಲೊತ್ತು ಎಲ್ಲೋ ರೂಮ್ ಮಾಡ್ಕೊಂಡು ಮಲಗ್ತಾರೆ."

"ರಾತ್ರಿ ಸುತ್ತು ಹಾಕ್ವಾಗ ಲಾಠಿ ಕುಟ್ಕೊಂಡು ಹೋಗ್ತಾರಾ?"

"ಮತ್ತೆ? ಕಲ್ಲಿನ ಮೇಲೆ ಟಕ್ ಟಕ್ ಅನ್ನಬೇಕು. ಇಲ್ದಿದ್ರೆ ನಿದ್ದೆ ಹೊಡೀತಾವ್ನೆ ಅಂತ ಲೆಕ್ಕ."

ಭೀಮರಾಜನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಬಾಗಿಲಲ್ಲಿ ಒಬ್ಬ ಕಾನ್‌ಸ್ಟೇಬಲ್. ಭೀಮರಾಜ್ ಎದ್ದು ನಿಂತ. ಮುಖದಲ್ಲಿ ಹೆದರಿಕೆಗಿಂತ ಸಿಟ್ಟು ಜಾಸ್ತಿ ಇತ್ತು.

"ಪಂಚೆ ಒಗೆದು ಹಿತ್ತಲ ಹಗ್ಗದ ಮೇಲೆ ಹಾಕಿದ್ದೆ ಅಕ್ಕ. ಮಂಗಳವಾರ ನೋಡಿದ್ರೆ ಇರ್ಲಿಲ್ಲ. ಗಾಳಿಗೆ ಕೆರೆ ಪಾಲಾಯ್ತು ಅನ್ಕೊಂಡೆ."

"ಬುಧವಾರ ಬೆಳಿಗ್ಗೆ ಏನು ವಿಶೇಷ ಇತ್ತು?"

"ಬೆಂಗಳೂರಿಂದ ಅನುದಾನದ ಸಾಹೇಬ್ರು ಬರೋರಿದ್ರು. ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ನೋಡ್ತಾರೆ ಅಂದಿದ್ರು. ಬಾಂಬ್ ಸುದ್ದಿ ಕೇಳಿ ಹಗರೆಯಿಂದ್ಲೇ ಜೀಪ್ ತಿರುಗಿಸ್ಕೊಂಡು ಹೋದ್ರಂತೆ."

"ಯಾರ ಜೊತೆಗಾದ್ರೂ ಜಗಳ?"

"ಜಗಳ ಅಲ್ಲ. ಪೂರ್ಣಿಮೆ ದಿನ ಸುಳ್ಳಾಡಲ್ಲ ಅಂತ ಎಲ್ಲರ ಮುಂದೆ ಹೇಳಿ ಬಂದಿದ್ದೆ. ಅದಕ್ಕೆ ಸೋಮವಾರದಿಂದ ನನ್ನ ಹೆಸರಿಗೆ ಮಾತ್ರ ಹಾಜರ್ ಅಂತ..."

"ಸಾಕು ಸಾಕು, ಟೈಮಾಯ್ತು," ಎಂದು ಕಾನ್‌ಸ್ಟೇಬಲ್ ಮಾತು ತುಂಡರಿಸಿದ.

ಯಾರೇ ಆಗಲಿ ತಮ್ಮ ಹೆಸರಿಗೇ ಅಲ್ಲವೇ ಹಾಜರ್ ಎನ್ನುವುದು? ನನಗೆ ಅರ್ಥವಾಗಲಿಲ್ಲ. ಹೊರಗೆ ಬಂದಾಗ ಅಂಗಳದಲ್ಲಿ ಸಂಜೆಯ ಹಾಜರಿ ನಡೆಯುತ್ತಿತ್ತು. ದೇವೀರಪ್ಪ ತಲೆ ಎತ್ತದೆ ಹೆಸರು ಓದುತ್ತಿದ್ದರು. ಕಂಬಗಳ ಮರೆಯಿಂದ, ಬಚ್ಚಲ ಕಡೆಯಿಂದ, "ಹಾಜರ್, ಹಾಜರ್" ಎಂದು ದನಿಗಳು ಬರುತ್ತಿದ್ದವು. ಅದರಲ್ಲೊಂದು ನೆಗಡಿ ಹಿಡಿದ ಗೊಗ್ಗರು ದನಿ. ಸ್ವಲ್ಪ ಹೊತ್ತಿಗೆ ಬೇರೊಂದು ಹೆಸರಿಗೆ ಅದೇ ಗೊಗ್ಗರು ದನಿ ಮತ್ತೆ ಹಾಜರಾಯಿತು. ಅಕ್ಕ ನನ್ನ ಮುಖ ನೋಡಿದರು.

ಜವರಪ್ಪನ ಹೋಟೆಲಿನಲ್ಲಿ ಕಾಫಿಗೆ ಕೂತೆವು. ಜವರಪ್ಪ ಮೇಜು ಒರೆಸುವ ನೆಪದಲ್ಲಿ ನಮ್ಮ ಪಕ್ಕದಲ್ಲೇ ಸುಳಿದಾಡುತ್ತಿದ್ದ.

"ಶಿಬಿರ ಮುಚ್ಚಿದ್ರೆ ನಿಮಗೂ ನಷ್ಟ ಅಲ್ವಾ ಜವರಪ್ಪ? ಡಬ್ಬಿ ಬೇರೆ ನಿಮ್ದೇ," ಎಂದರು ಅಕ್ಕ.

"ಅಯ್ಯೋ, ನನ್ ಡಬ್ಬಿ ಅರ್ಧ ಹಳೇಬೀಡಲ್ಲವೆ ಮೇಡಂ! ತಗಂಡೋರು ಯಾವತ್ತು ವಾಪಸ್ ಕೊಟ್ಟವ್ರೆ? ನಾನ್ ಬಾಂಬ್ ಮಾಡೋ ಹಂಗಿದ್ರೆ ಮೊದ್ಲು ಸಾಲ ಹೇಳಿ ತಿನ್ನೋರ ಬುಡಕ್ಕೆ ಇಡ್ತಿದ್ದೆ."

ಅಕ್ಕ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಹರ್ಷಿತಾ, ಆ ಮೂಲೆ ನೋಡಿದ್ಯಲ್ಲ? ಅದು ಅರಗಿನ ಮೂಲೆ. ಪೊಲೀಸರು ಕೇಸಿನಲ್ಲಿ ಸಿಕ್ಕ ಮುದ್ದೇಮಾಲು ಕಟ್ಟೋವಾಗ, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತೋಕೆ ಹಂಗೆ ಮಡಿಸಿ ಜಾಗ ಬಿಡ್ತಾರೆ. ಬಾಂಬ್‌ಗೆ ಯಾರು ಮುದ್ರೆ ಹಾಕ್ತಾರೆ? ಕೈ ಅಭ್ಯಾಸ. ನಾಳೆ ಎಲ್ಲರ ಕೈಲೂ ಒಂದೊಂದು ಡಬ್ಬಿ ಹೊಲಿಸ್ತೀನಿ."

ನಾನು ಅವರ ಕಾಲು ತುಳಿದೆ. ಅವರು ನಿಲ್ಲಿಸಲಿಲ್ಲ. ಲೋಟ ಕೆಳಗಿಡುವಷ್ಟರಲ್ಲಿ ಜವರಪ್ಪ ಊಟದ ಡಬ್ಬಿಗಳನ್ನು ಹೊತ್ತು ಶಿಬಿರದ ಕಡೆ ಹೊರಟಿದ್ದ. ಇನ್ನೂ ಯಾರಿಗೂ ಹಸಿವಾಗುವ ಹೊತ್ತಲ್ಲ ಅದು.

"ಅಕ್ಕ, ಎಲ್ಲಾ ಹಾಳ್ ಮಾಡಿದ್ರಿ. ಅವನು ಊರಿಗೆಲ್ಲ ಸಾರ್ತಾನೆ."

"ಸಾರ್ಲಿ. ಅದಕ್ಕೇ ಕಾಫಿ ಕುಡಿದಿದ್ದು. ಕಾಫಿ ಏನ್ ಚೆನ್ನಾಗಿತ್ತಾ?"

ಮಾರನೆಯ ದಿನ ಡಿವೈಎಸ್‌ಪಿ ಬಂದರು. ಮಾತು ಕಡಿಮೆ, ವಾಚು ನೋಡಿಕೊಳ್ಳುವುದು ಹೆಚ್ಚು. ಛತ್ರದ ಜಗಲಿಯ ಮೇಲೆ ಎಲ್ಲರೂ ಸೇರಿದರು: ನಂಜುಂಡಯ್ಯ, ದೇವೀರಪ್ಪ, ಜವರಪ್ಪ, ಕಂಬಕ್ಕೆ ಒರಗದೆ ನೆಟ್ಟಗೆ ನಿಂತ ಗಿಡ್ಡಮ್ಮ, ಭೀಮರಾಜ್. ಅಂಗಳದಲ್ಲಿ ಉಳಿದ ಹೋಂಗಾರ್ಡುಗಳು.

"ಸರ್, ಬರೆಯೋಕೆ ಮುಂಚೆ ಒಂದು ಪರೀಕ್ಷೆ," ಎಂದ ಅಕ್ಕ ಮೂರು ಖಾಲಿ ಡಬ್ಬಿ, ಬಟ್ಟೆ, ದಬ್ಬಳ, ದಾರ ಮುಂದಿಟ್ಟರು. "ಇದನ್ನ ಪ್ರಯೋಗಾಲಯಕ್ಕೆ ಕಳಿಸೋ ಮಾಲು ಅಂದ್ಕೊಂಡು ನಂಜುಂಡಯ್ಯನೋರು, ಜವರಪ್ಪ, ದೇವೀರಪ್ಪ ಮೂರೂ ಜನ ಕಟ್ಟಿ ಕೊಡ್ಲಿ."

"ಏನಮ್ಮ ಇದು, ಹೊಲಿಗೆ ಕ್ಲಾಸಾ?" ಎಂದು ನಂಜುಂಡಯ್ಯ ಗದರಿದರು. ಡಿವೈಎಸ್‌ಪಿ ಕೈಸನ್ನೆ ಮಾಡಿದಾಗ ಕೂತು, ಮೊದಲ ಹೊಲಿಗೆಗೇ ಬೆರಳು ಚುಚ್ಚಿಕೊಂಡರು. ಜವರಪ್ಪ ದಬ್ಬಳ ಮುಟ್ಟಲೇ ಇಲ್ಲ. ಇಡ್ಲಿ ಪಾರ್ಸೆಲ್ ಹಾಗೆ ಸುತ್ತಿ, ದಾರ ಎಳೆದು ಹಲ್ಲಿನಲ್ಲಿ ಕತ್ತರಿಸಿದ. ದೇವೀರಪ್ಪ ಮಾತ್ರ ನಿಧಾನವಾಗಿ ಹೊಲಿದರು. ಹೊಲಿಗೆ ಸೊಟ್ಟ. ದಾರದ ಒಂದು ತುದಿ ಅಲ್ಲಿ, ಇನ್ನೊಂದು ಇಲ್ಲಿ. ಎರಡನ್ನೂ ಬುಡದಲ್ಲೇ ಕತ್ತರಿಸಿ ಮುಂದಿಟ್ಟರು. ಮೂಲೆಯಲ್ಲಿ ಮಡಿಕೆ ಇರಲಿಲ್ಲ.

ಅರಗಿನ ಮೂಲೆ ಯಾರೂ ಮಾಡಿರಲಿಲ್ಲ. ನಂಜುಂಡಯ್ಯ ಗೆದ್ದವರಂತೆ ನಕ್ಕರು.

ಡಿವೈಎಸ್‌ಪಿ ಮೂರನೆಯ ಡಬ್ಬಿ ಎತ್ತಿಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಮುದ್ರೆ ಎಲ್ಲಿ ಒತ್ಲಿ ದೇವೀರಪ್ಪ?"

ದೇವೀರಪ್ಪ ಡಬ್ಬಿ ವಾಪಸ್ ಇಸಿದುಕೊಳ್ಳಲು ಕೈ ಚಾಚಿದರು.

"ಅಷ್ಟೇ ಸರ್, ನಾನು ಕೇಳಬೇಕು ಅಂತಿದ್ದುದು," ಎಂದರು ಅಕ್ಕ. "ಇವರು ಕಟ್ಟಿದ ಮುದ್ದೇಮಾಲಿನಲ್ಲಿ ತಪ್ಪು ಹುಡುಕಿ ನಾನು ಕೋರ್ಟಿನಲ್ಲಿ ಸೋತವಳು. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಕೈ ಇವತ್ತು ಮುದ್ರೆಗೆ ಜಾಗ ಬಿಡೋದನ್ನ ಮರೀತಾ? ನಿನ್ನೆ ಹೋಟೆಲಲ್ಲಿ ನಾನು ಬೇಕಂತಲೇ ಗಟ್ಟಿಯಾಗಿ ಮಾತಾಡಿದೆ. ಸುದ್ದಿ ಮುಟ್ಟಿಸಿದ್ದಕ್ಕೆ ಜವರಪ್ಪನಿಗೆ ಥ್ಯಾಂಕ್ಸ್. ತಪ್ಪಿಲ್ಲದ ರೈಟರ್ ಆಗಿದ್ರೆ, 'ಹೌದು, ಇದು ನಮ್ಮೋರ ಹೊಲಿಗೆ ಥರಾನೇ ಇದೆ' ಅಂತ ಅವರೇ ನಿಮಗೆ ಹೇಳ್ತಿದ್ರು. ಇವತ್ತೂ ಸರಿಯಾಗೇ ಹೊಲೀತಿದ್ರು. ಬಚ್ಚಿಡೋಕೆ ಏನಾದ್ರೂ ಇದ್ದೋರು ಮಾತ್ರ ಗೊತ್ತಿರೋ ಕೆಲಸಾನ ಕೆಡಿಸ್ತಾರೆ."

"ನಾನ್ಯಾಕ್ ಸಾರ್ ಬಾಂಬ್ ಇಡ್ಲಿ?" ದೇವೀರಪ್ಪನವರ ದನಿ ಕೀರಲಾಯಿತು. "ಭತ್ಯೆ ಆಸೆ ಇದ್ದದ್ದು ಆ ಹುಡುಗಂಗೆ!"

"ಬರೋ ಸೋಮವಾರ ಸರ್ಕಾರಿ ಕೆಲಸದ ಆದೇಶ ತಗೊಳ್ಳೋನಿಗೆ ಶಿಬಿರದ ಭತ್ಯೆ ಆಸೆಯಾ? ಎಲ್ಲರೂ ಅಲ್ಲೇ ಎಡವಿದ್ರಿ. ಡಬ್ಬಿ ಇಟ್ಟಿದ್ದು ಅನುದಾನ ಮುಂದುವರಿಸೋಕೆ ಅಲ್ಲ. ಅವತ್ತು ಅಂಗಳದಲ್ಲಿ ಜನ ಸಾಲಾಗಿ ನಿಲ್ಲಬಾರದು ಅಂತ."

ಅಕ್ಕ ಚೌಕಟ್ಟಿನಿಂದ ಎರಡು ಲಾಠಿ ತಂದು ಡಿವೈಎಸ್‌ಪಿಯವರ ಮುಂದಿಟ್ಟರು. ಒಂದು ಸವೆದದ್ದು, ಒಂದು ನುಣುಪಾದದ್ದು.

"ಎಲ್ಲಾ ಒಂದೇ ದಿನ ಕೊಟ್ಟ ಲಾಠಿಗಳು. ಈ ನುಣುಪಾದವು ರಾತ್ರಿ ಪಾಳಿಯೋರವಂತೆ. ರಾತ್ರಿಯೆಲ್ಲ ಕಲ್ಲಿನ ಮೇಲೆ ಕುಟ್ಟೋರ ಲಾಠಿ ಮೊದಲು ಸವೀಬೇಕಿತ್ತು. ಸವೆದಿಲ್ಲ, ಯಾಕಂದ್ರೆ ಹಿಡಿಯೋರೇ ಇಲ್ಲ. ನಂಜುಂಡಯ್ಯನೋರೆ, ಅರೇಹಳ್ಳಿ ಹುಡುಗರನ್ನ ಕಣ್ಣಾರೆ ಕಂಡಿದ್ದೀರಾ?"

ನಂಜುಂಡಯ್ಯನವರ ಮುಖ ಇಳಿಯಿತು. "ದೇವೀರಪ್ಪ ಹೇಳ್ದ... ನಾನ್ ರುಜು ಹಾಕ್ದೆ."

"ಇಲ್ಲದ ಜನರ ಹೆಸರಲ್ಲಿ ಭತ್ಯೆ ಬರ್ತಿತ್ತು. ಹಾಜರಿ ಹೊತ್ತಿಗೆ ಇರೋರೇ ಇಲ್ಲದೋರಿಗೂ ಹಾಜರ್ ಅಂತಿದ್ರು. ನಿನ್ನೆ ಒಂದೇ ನೆಗಡಿ ಎರಡು ಹೆಸರಿಗೆ ಬಂದಿತ್ತು. ಯಾಕಪ್ಪ ಕೂಗ್ತಿದ್ರಿ?"

ಅಂಗಳದಲ್ಲಿ ಗೊಗ್ಗರು ದನಿಯವನು ನೆಲ ನೋಡುತ್ತ ಹೇಳಿದ: "ರಜೆ ಮ್ಯಾಲ್ ಓಗೋರ್ನ ಕಾಪಾಡ್ಬೇಕು, ನಾಳೆ ನಿಮ್ಗೂ ಕಷ್ಟ ಬತ್ತದೆ ಅಂದ್ರು ಮೇಡಂ. ಕೂಗ್ದೆ ಇದ್ರೆ ಡ್ಯೂಟಿ ಕೊಡಾಕಿಲ್ಲ ಅಂದ್ರು."

"ಭೀಮರಾಜ್ ಮಾತ್ರ ಸೋಮವಾರದಿಂದ ಕೂಗಲಿಲ್ಲ," ಎಂದರು ಅಕ್ಕ. "ಸುಳ್ಳಾಡಲ್ಲ ಅಂತ ಮಾತು ಕೊಟ್ಟಿದ್ದ. ಬುಧವಾರ ಬೆಂಗಳೂರಿನ ಸಾಹೇಬರು ತಲೆ ಎಣಿಸೋರಿದ್ರು; ಇವನು ಬಾಯಿ ಬಿಡೋನಿದ್ದ. ಒಂದು ಡಬ್ಬಿ ಎರಡನ್ನೂ ತಪ್ಪಿಸ್ತು. ಇನ್ನೊಂದು, ಸರ್. ಹಗ್ಗದಿಂದ ತಂದ ಪಂಚೆಯಲ್ಲಿ ಕತ್ತರಿಸಿ ಉಳಿದ ತುಂಡನ್ನ ಇವರು ಎಸೆದಿರಲಾರರು. ಒಳ್ಳೆ ಬಿಳಿ ಬಟ್ಟೆ ಎಸೆಯೋ ರೈಟರನ್ನ ನಾನಂತೂ ಕಂಡಿಲ್ಲ. ಮಾಲು ಕಟ್ಟೋ ಬಟ್ಟೆ ಇಟ್ಟಿರೋ ಪೆಟ್ಟಿಗೆ ತರಿಸಿ."

ಪೆಟ್ಟಿಗೆ ಬಂತು. ಬಿಳಿ ಬಟ್ಟೆಗಳ ನಡುವೆ, ನೀಟಾಗಿ ಮಡಿಸಿಟ್ಟ, ಅದೇ ಅಂಚಿನ ಪಂಚೆಯ ತುಂಡು. ಗಿಡ್ಡಮ್ಮ ಮುಂದೆ ಬಂದು ಅಂಚನ್ನು ಬೆರಳಿನಿಂದ ಸವರಿ, ಹೌದೆಂದು ತಲೆಯಾಡಿಸಿ ಹಿಂದಕ್ಕೆ ಸರಿದರು. ದೇವೀರಪ್ಪ ಮೆಟ್ಟಿಲ ಮೇಲೆ ಕೂತು ನೀರು ಕೇಳಿದರು. ಜವರಪ್ಪ ಕೊಟ್ಟ.

ಡಿವೈಎಸ್‌ಪಿ ಆ ತುಂಡನ್ನು ಡಬ್ಬಿಯ ಬಟ್ಟೆಯ ಪಕ್ಕ ಇಟ್ಟು ಅಂಚು ಹೋಲಿಸಿದರು. ಆಮೇಲೆ ಪೆನ್ನು ಜೇಬಿಗೆ ಸಿಕ್ಕಿಸಿದರು.

"ಹುಡುಗನ ಮೇಲೆ ಏನೂ ಇಲ್ಲ, ಕರ್ಕೊಂಡ್ ಹೋಗಿ. ದೇವೀರಪ್ಪನ ವಿಷಯ ನಾವು ಇಲಾಖೆ ಒಳಗೆ ನೋಡ್ಕೋತೀವಿ. ಸುದ್ದಿ ಹೊರಗೆ ಹೋದ್ರೆ ಎಲ್ಲಾ ಶಿಬಿರದ ಅನುದಾನಾನೂ ನಿಲ್ಲುತ್ತೆ. ನಿಜವಾಗಿ ದುಡಿಯೋರಿಗೂ ಭತ್ಯೆ ಸಿಗಲ್ಲ. ಏನಮ್ಮ, ಒಪ್ಪಿಗೆ ತಾನೇ?"

ಕೊನೆಯ ಮಾತು ಗಿಡ್ಡಮ್ಮನಿಗೆ. ಉತ್ತರ ಕೊಟ್ಟವನು ಭೀಮರಾಜ್.

"ಇಲ್ಲ ಸರ್. ಬುಧವಾರ ನಿಲ್ಲಬೇಕಾಗಿದ್ದ ಸಾಲು ಇವತ್ತು ನಿಲ್ಲಲಿ."

"ಸೋಮವಾರ ಕೆಲಸಕ್ಕೆ ಸೇರೋನು ನೀನು. ಇವತ್ತು ನನ್ನ ಎದುರು ಹಾಕ್ಕೊಳ್ತೀಯಾ?"

"ಸೇರೋ ಇಲಾಖೆ ಅಂತಲೇ ಕೇಳ್ತಿದ್ದೀನಿ ಸರ್. ಬಾಂಬ್ ಇಟ್ಟೋನು ಅಂತ ಕೂರಿಸ್ದಾಗ ಎಲ್ಲರೂ ನೋಡಿದ್ದಾರೆ. ಅಲ್ಲ ಅನ್ನೋದನ್ನೂ ಎಲ್ಲರೂ ನೋಡ್ಲಿ."

ಭೀಮರಾಜ್ ಅಂಗಳಕ್ಕಿಳಿದು ಧ್ವಜದ ಕಂಬದ ಹತ್ತಿರ ಒಬ್ಬನೇ ನಿಂತ. ಬಿಸಿಲು ನೆತ್ತಿಗೇರಿತ್ತು. ಮೊದಲು ಯಾರೂ ಅಲುಗಲಿಲ್ಲ. ಆಮೇಲೆ ಗೊಗ್ಗರು ದನಿಯವನು ಹೋಗಿ ಪಕ್ಕದಲ್ಲಿ ನಿಂತ. ಇನ್ನೊಬ್ಬ. ಮತ್ತೊಬ್ಬ. ಸವೆದ ಲಾಠಿಗಳ ಸಾಲು ಗಿಡ್ಡದಾಗಿಯೇ ಮುಗಿಯಿತು.

ಡಿವೈಎಸ್‌ಪಿ ಹಾಜರಿ ಪಟ್ಟಿ ತರಿಸಿ ತಾವೇ ಓದತೊಡಗಿದರು. ಹೆಸರಿಗೊಂದು "ಹಾಜರ್" ಬಂತು. ನಾಲ್ಕನೆಯ ಹೆಸರಿಗೆ ಯಾರೂ ಉತ್ತರ ಕೊಡಲಿಲ್ಲ. ಅವರು ಮತ್ತೊಮ್ಮೆ ಕರೆದರು. ಸಾಲಿನಲ್ಲಿ ಒಂದು ತುಟಿಯೂ ಬಿಚ್ಚಲಿಲ್ಲ.

"ಇನ್ನೂ ಜೋರಾಗಿ ಕರೀರಿ ಸರ್," ಎಂದರು ಅಕ್ಕ. "ಅರೇಹಳ್ಳಿಗೆ ಕೇಳಿಸ್ಬೇಕಲ್ಲ."

ಯಾರೋ ಕಿಸಕ್ಕೆಂದರು. ಹಾಜರಿಲ್ಲದ ಹೆಸರುಗಳು ಒಂದೊಂದಾಗಿ ಬಂದು, ಬಿಸಿಲಲ್ಲಿ ನಿಂತು, ಹೋದವು. ಒಂದೊಂದು ಸಲವೂ ಡಿವೈಎಸ್‌ಪಿ ಪೆನ್ನು ತೆಗೆದು ಗುರುತು ಹಾಕಿದರು. ಕೊನೆಗೆ ಪಟ್ಟಿ ಮಡಚಿ ತಿರುಗಿದರು.

"ಸರ್," ಎಂದ ಭೀಮರಾಜ್. "ನನ್ನ ಹೆಸರು ಕರೀಲಿಲ್ಲ."

ಬುಧವಾರವೇ ದೇವೀರಪ್ಪ ಆ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು. ಡಿವೈಎಸ್‌ಪಿ ಪಟ್ಟಿ ಬಿಚ್ಚಿ ಆ ಗೆರೆಯನ್ನು ನೋಡಿದರು. ಆಮೇಲೆ ಪಟ್ಟಿಯನ್ನು ಕೆಳಗಿಳಿಸಿ, ಅವನ ಮುಖವನ್ನೇ ನೋಡುತ್ತ ಕರೆದರು.

"ಭೀಮರಾಜ್!"

"ಹಾಜರ್ ಸರ್!"

ಆ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ತಿರುಗಿ ನೋಡಿದರು. ಗಿಡ್ಡಮ್ಮ ಸೆರಗು ಕೊಡವಿಕೊಂಡು ನನ್ನ ಕಡೆ ತಿರುಗಿದರು.

"ನಡಿಯವ್ವ. ಜಾವಗಲ್ ಬಸ್ಸು ಬರೋ ಹೊತ್ತಾಯ್ತು."